ನನ್ನ ಕೈಯಿಂದಲೇ ಆಯ್ತು

ಸುಗುಣಕ್ಕ ಆ ದಿನ ಆಸ್ಪತ್ರೆಯಲ್ಲಿ ಆಡಿದ್ದು ಎರಡೇ ಮಾತು. ಮಗುವಿಗೆ ಎಲ್ಲಿ ಸುಟ್ಟಿತು ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದಾಗ "ಘರೀಚ್" ಎಂದರು, ಮನೆಯಲ್ಲೇ. ಹೇಗೆ ಎಂದು ಕೇಳಿದಾಗ "ಮಾಝ್ಯಾ ಹಾತೂನ್" ಎಂದರು, ನನ್ನ ಕೈಯಿಂದ. ಎರಡೂ ಸುಳ್ಳು. ಮದುವೆಯಾಗಿ ಡೊಂಬಿವಲಿಗೆ ಬಂದು ತಲೆಗೂದಲು ಬೆಳ್ಳಗಾದರೂ ಅವರ ಮರಾಠಿ ತರಕಾರಿ ಗಾಡಿಯಿಂದಾಚೆ ಹೋದದ್ದಿಲ್ಲ. ಅವತ್ತು ಮಾತ್ರ ಒಂದಕ್ಷರವೂ ತಡವರಿಸಲಿಲ್ಲ. ಡಾಕ್ಟರು ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡರು.

ಮೊಮ್ಮಗಳು ಅಮೂಲ್ಯಾಳ ಬಲಗೈ ಬೆಂದದ್ದು ಸತ್ಯಭಾಮಾಳ ಪಾಳಣಾಘರ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳನ್ನು ಸಂಜೆಯ ತನಕ ನೋಡಿಕೊಳ್ಳುವ ಜಾಗಕ್ಕೆ ಅಲ್ಲೆಲ್ಲ ಹಾಗೇ ಹೇಳುತ್ತಾರೆ. ಸತ್ಯಭಾಮಾ ತನ್ನ ಫ್ಲ್ಯಾಟಿನ ಹಾಲಿನಲ್ಲೇ ಅದನ್ನು ಶುರು ಮಾಡಿದ್ದಳು. ಗಂಡ ತೀರಿಹೋಗಿದ್ದ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಅವಳು ಊರಿನವಳು. ಉಡುಪಿಯಿಂದ ಸ್ವಲ್ಪ ಒಳಗೆ ಸುಗುಣಕ್ಕನ ತವರುಮನೆ, ಗದ್ದೆ ದಾಟಿದರೆ ಅವಳ ತವರುಮನೆ. ಮುಂಬಯಿ ಕಡೆ ಬಂದು ನೆಲೆಸಿದ ನಮ್ಮ ಜನಕ್ಕೆ ಇಷ್ಟು ಸಾಕು. ಊರಿನವಳು ಎಂದ ಮೇಲೆ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಆರಂಭದ ದಿನ ತೆಂಗಿನಕಾಯಿ ಒಡೆದವರು ಸುಗುಣಕ್ಕನ ಗಂಡ ಪುಂಡರೀಕಾಕ್ಷ. ಠಾಣೆ ನಗರದ ನೌಪಾಡಾದಲ್ಲಿ ಅವರದ್ದೊಂದು ಹಳೆಯ ವೆಜ್ ಹೋಟೆಲು. ಊರಿನವರ ಸಂಘದ ಕಾರ್ಯಕ್ರಮಗಳಲ್ಲಿ ಎದುರಿನ ಸಾಲಿನ ಕುರ್ಚಿ ಅವರಿಗೆ ಖಾಯಂ. ಕಾಯಿ ಒಡೆದದ್ದೇ ಸತ್ಯಭಾಮಾ ಸುಗುಣಕ್ಕನ ಕೈ ಹಿಡಿದುಕೊಂಡಳು.

"ಅಕ್ಕ, ನಿಮ್ಮ ಮೊಮ್ಮಗಳನ್ನೂ ಕಳಿಸಿ. ಪುಂಡರೀಕಾಕ್ಷಣ್ಣನ ಮೊಮ್ಮಗಳೇ ಬರ್ತಾಳೆ ಅಂತ ಗೊತ್ತಾದ್ರೆ ಬಾಕಿಯವರೂ ಧೈರ್ಯದಲ್ಲಿ ಕಳಿಸ್ತಾರೆ."

ಸೊಸೆ ಸಂಜನಾಗೆ ಇದು ಹಿಡಿಸಲಿಲ್ಲ. ಅವಳು ಐರೋಲಿಯಲ್ಲಿ ಒಂದು ಬ್ಯಾಂಕಿನ ಕಚೇರಿಗೆ ಹೋಗುವವಳು. "ಅತ್ತೆ, ನೀವು ಮನೆಯಲ್ಲೇ ಇದ್ದೀರಲ್ಲಾ, ಫಿರ್ ಯಾಕೆ ಕಳಿಸೋದು?" ಎಂದು ಕೇಳಿದಳು. ಕೇಳಿದ್ದು ನ್ಯಾಯವೇ. ಆದರೆ ಸುಗುಣಕ್ಕ ಬಿಡಲಿಲ್ಲ. "ನಾಲ್ಕು ಗಂಟೆ ಆಡ್ಕೊಂಡು ಬರ್ಲಿ ಮಾರಾಯ್ತಿ. ಅವಳಿಗೂ ಒಂದು ಆಧಾರ ಆಗ್ತದೆ" ಎಂದು ತಾವೇ ಮಗುವಿಗೆ ಫ್ರಾಕು ತೊಡಿಸಿ, ತಾವೇ ಕೈ ಹಿಡಿದು ಬಿಟ್ಟು ಬಂದರು. ಫೀಸಿನ ಮಾತೆತ್ತಿದರೆ ಸತ್ಯಭಾಮಾ ಕಿವಿ ಮುಚ್ಚಿಕೊಂಡಳು: "ಊರಿನವರ ಹತ್ತಿರ ಫೀಸಾ? ನನ್ನ ನಾಲಿಗೆ ಬಿದ್ದು ಹೋಗ್ಲಿ!" ಹಾಗೆಂದು ಬಿಟ್ಟಿಯಾಗಿ ಬಿಡುವ ಕುಳವಲ್ಲ ಪುಂಡರೀಕಾಕ್ಷ. ಪ್ರತಿ ಶನಿವಾರ ಅಲ್ಲಿನ ಎಲ್ಲ ಮಕ್ಕಳಿಗೂ ಹೋಟೆಲಿನಿಂದ ಇಡ್ಲಿ ಸಾಂಬಾರು ಕಳಿಸುವ ಏರ್ಪಾಡು ಮಾಡಿದರು. ಎರಡೂ ಕಡೆಯವರಿಗೆ ದೊಡ್ಡತನ ಮೆರೆದ ಸಂತೋಷ.

ಆ ಶನಿವಾರ ಠಾಣೆಯಿಂದ ಲೋಕಲ್‌ನಲ್ಲಿ ಬಂದ ಸಾಂಬಾರು ತಣ್ಣಗಾಗಿತ್ತು. ಸತ್ಯಭಾಮಾ ಅದನ್ನು ಕುದಿಸಿ ಪಾತ್ರೆಯನ್ನು ಅಡುಗೆಮನೆಯ ನೆಲದ ಮೇಲಿಟ್ಟಳು. ಅಷ್ಟರಲ್ಲಿ ಯಾವುದೋ ತಾಯಿಯ ಫೋನು ಬಂತು. ಕೆಲಸದ ಚಂದ್ರಬಾಯಿ ತಟ್ಟೆ ತೊಳೆಯಲು ಬಾಲ್ಕನಿಗೆ ಹೋಗಿದ್ದಳು. ಅಜ್ಜನ ಸಾಂಬಾರು ಬಂದಿದೆ ಎಂದು ಯಾರೋ ಹೇಳಿದ್ದು ಅಮೂಲ್ಯಾಳ ಕಿವಿಗೆ ಬಿದ್ದಿತ್ತು. ಆಗಿನ್ನೂ ಮಾತು ಕೂಡುತ್ತಿದ್ದ ಮಗು ಅದು. ಒಳಗೆ ನಡೆದು ಹೋಗಿ ಪಾತ್ರೆಗೆ ಬಗ್ಗಿತು. ಬಲಗೈ ಮೊಣಕೈಯ ತನಕ ಒಳಗೆ ಹೋಯಿತು.

ಫೋನು ಬಂದು ಸುಗುಣಕ್ಕ ಬರಿಗಾಲಲ್ಲಿ ಓಡಿದರು. ರಿಕ್ಷಾದಲ್ಲಿ ಮಗು ಅವರ ಮಡಿಲಲ್ಲಿ ಕಿರುಚುತ್ತಿದ್ದರೆ ಸತ್ಯಭಾಮಾ ಅವರ ಕಾಲು ಹಿಡಿದುಕೊಂಡು ಕೂತಿದ್ದಳು.

"ಅಕ್ಕ, ಆಸ್ಪತ್ರೆಯವರು ಪೊಲೀಸರಿಗೆ ಹೇಳ್ತಾರೆ. ನನ್ನನ್ನು ಎಳ್ಕೊಂಡು ಹೋಗ್ತಾರೆ. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಾನೆಲ್ಲಿಗೆ ಹೋಗ್ಲಿ ಅಕ್ಕ? ನಿಮ್ಮ ದಮ್ಮಯ್ಯ."

ಆ ಹೊತ್ತಿನಲ್ಲಿ ಯೋಚನೆ ಮಾಡಲು ಯಾರಿಗೆ ಬುದ್ಧಿ ನೆಟ್ಟಗಿರುತ್ತದೆ? ಆದರೂ ಹೇಳಬೇಕು, ನಮ್ಮವರ ಮಾನ ನಾವೇ ಕಾಯಬೇಕೆಂಬ ಒಂದು ಹುಚ್ಚು ಈ ಜನಕ್ಕೆ ರಕ್ತದಲ್ಲೇ ಇದೆ. ತಮ್ಮ ಮಗುವಿನ ಚರ್ಮ ಸುಲಿದು ನೇತಾಡುತ್ತಿದ್ದಾಗಲೂ ಸುಗುಣಕ್ಕನ ಕಣ್ಣಿಗೆ ಕಂಡದ್ದು ಊರಿನ ಹೆಣ್ಣೊಬ್ಬಳು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತದ್ದು. ಅದಕ್ಕೇ ಘರೀಚ್ ಎಂದರು. ರಾತ್ರಿ ಪುಂಡರೀಕಾಕ್ಷರೂ "ಸರಿಯಾಗಿಯೇ ಹೇಳಿದ್ದೀ, ನಮ್ಮವಳನ್ನು ನಾವೇ ಸ್ಟೇಷನ್ನಿಗೆ ಹಾಕೋದಾ?" ಎಂದರು. ಐರೋಲಿಯಿಂದ ಓಡಿ ಬಂದ ಸಂಜನಾ ಮಗುವಿನ ಹಾಸಿಗೆಯ ಪಕ್ಕ ಕೂತಳು. ಮಗು ಉಸಿರಾಡುತ್ತಿದೆಯೇ ಎಂದು ನೋಡುವುದೇ ಅವಳಿಗೆ ಆಗ ಕೆಲಸ.

ಮೊದಮೊದಲು ಸತ್ಯಭಾಮಾ ದಿನಾ ಬರುತ್ತಿದ್ದಳು, ಎಳನೀರು ಹಿಡಿದುಕೊಂಡು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಸಂಘದ ಪೂಜೆಯಲ್ಲಿ ಸಿಕ್ಕಾಗ "ಕೈ ಹೇಗುಂಟು?" ಎಂದು ಕೇಳಿ, ಉತ್ತರ ಪೂರ್ತಿ ಆಗುವ ಮೊದಲೇ ಇನ್ನೊಬ್ಬರ ಕಡೆ ತಿರುಗುವುದು. ಅವಳ ಪಾಳಣಾಘರ್ ಚೆನ್ನಾಗಿ ನಡೆಯಿತು. ವಿಠ್ಠಲವಾಡಿಯಲ್ಲಿ ಇನ್ನೊಂದು ಆಯಿತು. ಮೂರನೆಯದಕ್ಕೆ ಠಾಣೆಯಲ್ಲಿ ಜಾಗ ನೋಡುತ್ತಿದ್ದಾಳೆಂದು ಸುದ್ದಿ.

ಕೈ ಮಾತ್ರ ಚೆನ್ನಾಗಿರಲಿಲ್ಲ. ಗಾಯ ಮಾಗಿತು, ಮಾಗಿದ ಚರ್ಮ ಬಿಗಿದುಕೊಂಡಿತು. ನಾಲ್ಕು ಬೆರಳು ಅಂಗೈ ಕಡೆ ಮಡಚಿ ಅಲ್ಲೇ ನಿಂತವು. "ಮೂಳೆ ಬೆಳೀತದೆ, ಈ ಚರ್ಮ ಬೆಳೆಯೋದಿಲ್ಲ" ಎಂದರು ಡಾಕ್ಟರು. ಹುಡುಗಿ ಬೆಳೆದ ಹಾಗೆಲ್ಲ ಆಪರೇಷನ್ ಮಾಡಿ ಬಿಡಿಸುತ್ತ ಹೋಗಬೇಕು, ಮೊದಲನೆಯದನ್ನು ಹೆಚ್ಚು ತಡಮಾಡಿದರೆ ಕೀಲುಗಳೇ ಸೆಟೆದುಹೋಗುತ್ತವೆ ಎಂದೂ ಹೇಳಿದರು. ಅಮೂಲ್ಯಾ ಎಡಗೈಯಲ್ಲಿ ಊಟ ಮಾಡಲು ಕಲಿತಳು. ಸಂಘದ ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದ ಹೆಂಗಸೊಬ್ಬಳು "ಅಯ್ಯೋ, ಎಡಗೈಯಲ್ಲಿ ಉಣ್ತದಲ್ಲಾ ಈ ಮಗು, ಮನೆಯಲ್ಲಿ ಯಾರೂ ಹೇಳಿಕೊಡ್ಲಿಲ್ವಾ?" ಎಂದಳು. ಅವತ್ತಿನಿಂದ ಸುಗುಣಕ್ಕ ಮೊಮ್ಮಗಳಿಗೆ ಮೂರು ಹೊತ್ತೂ ತಾವೇ ಕಲಸಿ ಬಾಯಿಗಿಟ್ಟರು. ಅಮೂಲ್ಯಾಗೂ ಅದೇ ರೂಢಿಯಾಯಿತು. ಅಜ್ಜಿ ಕೈಯ ತುತ್ತಲ್ಲದೆ ಅವಳ ಬಾಯಿ ತೆರೆಯುತ್ತಿರಲಿಲ್ಲ.

ಹೋಟೆಲು ಈಗ ಮೊದಲಿನಂತಿರಲಿಲ್ಲ. ಸಾಲುಸಾಲು ಆಪರೇಷನ್‌ಗಳನ್ನು ಹೊರುವಷ್ಟು ಗಟ್ಟಿಯಿರಲಿಲ್ಲ. ಸಂಜನಾ ಒಂದು ದಿನ ನೇರವಾಗಿ ಸತ್ಯಭಾಮಾಳ ಹತ್ತಿರ ಹೋಗಿ ಖರ್ಚು ಕೊಡಿ ಎಂದಳು. ನೋಡೋಣ ಎಂದಳು ಅವಳು. ಮತ್ತೆ ಹೋದರೆ ಮತ್ತೆ ನೋಡೋಣ. ಮೂರನೆಯ ಸಲ ಸಂಜನಾ ಅಲ್ಲಿಗೆ ಹೋಗಲಿಲ್ಲ. ಗಂಡ ಸಂದೇಶನನ್ನೂ ಅತ್ತೆಯನ್ನೂ ಕರೆದುಕೊಂಡು ಠಾಣೆಯಲ್ಲಿ ಜಯಶೀಲ ವಕೀಲರ ಆಫೀಸಿಗೆ ಹೋದಳು. ಅವರೂ ನಮ್ಮ ಕಡೆಯವರೇ, ಬಂಟ್ವಾಳದವರು.

"ಫೀಸು ಕೊಟ್ಟದ್ದಕ್ಕೆ ರಸೀದಿ ಉಂಟಾ?" ಎಂದು ಜಯಶೀಲ ಕೇಳಿದರು.

"ಫೀಸು ಕೊಡ್ಲಿಲ್ಲ. ಸಾಂಬಾರು ಕೊಡ್ತಾ ಇದ್ದೆವು" ಎಂದ ಸಂದೇಶ.

"ಸಾಂಬಾರಾ?" ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಸ್ಪತ್ರೆಯಲ್ಲಿ ಎಂತ ಹೇಳಿದ್ದೀರಿ?"

ಅವತ್ತು ಹೇಳಿದ್ದನ್ನು ಸುಗುಣಕ್ಕನೇ ಹೇಳಿದರು.

"ಅಲ್ಲಾ ಮಾರಾಯ್ರೆ, ಮಗು ನಿಮ್ಮನೆಯಲ್ಲಿ ಸುಟ್ಟುಕೊಂಡಿತು ಅಂತ ನೀವೇ ಹೇಳಿದ್ದೀರಿ, ಅವಳಿಗೆ ಒಂದು ರೂಪಾಯಿಯೂ ಕೊಟ್ಟಿಲ್ಲ ಅಂತೀರಿ. ನಾನು ಯಾವುದರ ಮೇಲೆ ನಿಂತು ಮಾತಾಡ್ಲಿ?"

ಆದರೂ ಮಗುವಿನ ಕೈ ನೋಡಿದ ಮೇಲೆ ಅವರಿಗೆ ಇಲ್ಲವೆನ್ನಲು ಆಗಲಿಲ್ಲ. ಠಾಣೆಯ ಗ್ರಾಹಕರ ಆಯೋಗದಲ್ಲಿ ಪರಿಹಾರ ಕೇಳಿ ದೂರು ಹಾಕಿದರು. ಸತ್ಯಭಾಮಾಳ ವಕೀಲರ ಉತ್ತರ ಬಂತು. ಸಂದೇಶ ಅದನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದ. ಮಗು ಸುಟ್ಟುಕೊಂಡದ್ದು ದೂರು ಕೊಟ್ಟವರ ಮನೆಯಲ್ಲಿ. ಸಾಂಬಾರು ಅವರದೇ ಹೋಟೆಲಿನದ್ದು. ಕಾರಣ, ಅಜ್ಜಿಯ ಅಜಾಗರೂಕತೆ. ಇದನ್ನು ಅಜ್ಜಿಯೇ ಆಸ್ಪತ್ರೆಯಲ್ಲಿ ಒಪ್ಪಿಕೊಂಡಿದ್ದಾರೆ. ಈಗ ದುಡ್ಡಿನಾಸೆಗೆ ಒಬ್ಬ ವಿಧವೆಯ ಮೇಲೆ ಗೂಬೆ ಕೂರಿಸುತ್ತಿದ್ದಾರೆ.

ಸಂಜನಾ ಅತ್ತೆಯ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಸಿಂಕಿನ ಕಡೆ ಹೋದಳು.

ಮರುದಿನ ಸುಗುಣಕ್ಕ ಯಾರಿಗೂ ಹೇಳದೆ ಬದ್ಲಾಪುರ ಲೋಕಲ್ ಹತ್ತಿ ವಿಠ್ಠಲವಾಡಿಯಲ್ಲಿ ಇಳಿದರು. ಹೊಸ ಪಾಳಣಾಘರ್‌ನ ಗೋಡೆಯ ಮೇಲೆ ಆನೆ, ಜಿರಾಫೆ. ಮೂಲೆಯಲ್ಲಿ ಕ್ಯಾಮರಾ. ಸುಗುಣಕ್ಕನ ಕಣ್ಣು ಹೋದದ್ದು ಅಡುಗೆಮನೆಯ ಬಾಗಿಲಿಗೆ. ಅಲ್ಲಿ ಮಗುವಿನ ಎದೆಯೆತ್ತರಕ್ಕೆ ಒಂದು ಮರದ ಗೇಟು, ಅದಕ್ಕೊಂದು ಚಿಲಕ. ಅವತ್ತು ಇದೊಂದು ಇದ್ದಿದ್ದರೆ ಸಾಕಿತ್ತು.

ಸತ್ಯಭಾಮಾ ಎದ್ದು ಬಂದು ಕುರ್ಚಿ ಎಳೆದು ಕೊಟ್ಟಳು. ಕೂರಲಿಲ್ಲ ಇವರು.

"ನನ್ನ ಕೈಯಿಂದ ಆಯ್ತು ಅಂತ ಬರೆಸಿದ್ದೀಯಲ್ಲ. ನಿನಗೆ ಗೊತ್ತಿಲ್ವಾ ಸತ್ಯಭಾಮಾ? ರಿಕ್ಷಾದಲ್ಲಿ ನನ್ನ ಕಾಲು ಹಿಡಿದದ್ದು ಮರ್ತೇ ಹೋಯ್ತಾ?"

"ಮರೀಲಿಲ್ಲ ಅಕ್ಕ." ಅವಳ ದನಿ ಸಣ್ಣದಾಯಿತು. "ನಾನು ದುಡ್ಡು ಕೊಡೋದಿಲ್ಲ ಅಂತ ಅಲ್ಲ. ಆದ್ರೆ ತಪ್ಪು ನನ್ನದು ಅಂತ ಆಯೋಗದವರು ಬರೆದ್ರೆ ನಾಳೆಯೇ ಎಲ್ಲ ಮಕ್ಕಳನ್ನೂ ಬಿಡಿಸಿಕೊಂಡು ಹೋಗ್ತಾರೆ. ದೊಡ್ಡವಳಿಗೆ ಸಂಬಂಧ ನೋಡ್ತಾ ಇದ್ದೇನೆ. ಮಗು ಸುಟ್ಟವಳ ಮಗಳನ್ನು ಯಾರು ತರ್ತಾರೆ?"

"ಮತ್ತೆ ನಾನು? ಮೊಮ್ಮಗಳನ್ನು ಸುಟ್ಟವಳು ನಾನು ಅಂತ ಆಗ್ಬಹುದಾ?"

"ನೀವು ಅಜ್ಜಿ. ಅಜ್ಜಿಯನ್ನು ಯಾರು ಎಂತ ಹೇಳ್ತಾರೆ?"

ಅವಳು ಕೆಟ್ಟವಳಾಗಿ ಹೇಳಲಿಲ್ಲ. ನಿಜವೆಂದು ನಂಬಿಯೇ ಹೇಳಿದಳು. ಅದು ಸುಗುಣಕ್ಕನ ಹೊಟ್ಟೆಯನ್ನು ಇನ್ನೂ ಉರಿಸಿತು.

"ನಾನು ಆಯೋಗದ ಎದುರು ನಿಂತು, ಅವತ್ತು ಸುಳ್ಳು ಹೇಳಿದೆ ಅಂತ ಪ್ರಮಾಣ ಮಾಡ್ತೇನೆ" ಎಂದು ಹೇಳಿ ಹೊರಟರು. ಜಯಶೀಲ ವಕೀಲರಿಗೂ ಅದನ್ನೇ ಹೇಳಿದರು. ಅವರು ನಿಟ್ಟುಸಿರು ಬಿಟ್ಟರು.

"ಮಾಡಿ ಅಮ್ಮ. ಅವರ ವಕೀಲ ಒಂದೇ ಪ್ರಶ್ನೆ ಕೇಳ್ತಾನೆ, ಅವತ್ತಿನದು ಸುಳ್ಳಾ, ಇವತ್ತಿನದು ಸುಳ್ಳಾ ಅಂತ. ಆ ಚಂದ್ರಬಾಯಿ ಸಿಕ್ಕಿದ್ರೆ ಒಂದು ಸಾಕ್ಷಿ ಆಗ್ತಿತ್ತು." ಚಂದ್ರಬಾಯಿ ಕೆಲಸ ಬಿಟ್ಟು ಊರಿಗೆ ಹೋಗಿದ್ದಳು. ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ.

ತಾರೀಕಿನ ಮೇಲೆ ತಾರೀಕು ಬಿತ್ತು. ಬೆರಳುಗಳು ಕಾಯಲಿಲ್ಲ. ಈ ಬೇಸಿಗೆ ದಾಟಿದರೆ ಕಷ್ಟ ಎಂದು ಡಾಕ್ಟರು ಖಂಡಿತವಾಗಿ ಹೇಳಿದ ಮೇಲೆ ಆಯೋಗದವರೇ ಎರಡೂ ಕಡೆಯವರನ್ನು ಮಾತುಕತೆಗೆ ಕೂರಿಸಿದರು. ಒಂದು ಇಕ್ಕಟ್ಟಾದ ಕೋಣೆ, ಮೇಲೆ ಸದ್ದು ಮಾಡುವ ಫ್ಯಾನು. ಸತ್ಯಭಾಮಾ ಎದುರಿಗಿದ್ದಳು, ತಲೆ ಎತ್ತಲಿಲ್ಲ. ಅವಳ ವಕೀಲರು ಹೇಳಿದ್ದನ್ನು ಜಯಶೀಲ ಸುಗುಣಕ್ಕನಿಗಾಗಿ ಮತ್ತೊಮ್ಮೆ ಕನ್ನಡದಲ್ಲಿ ಹೇಳಿದರು.

"ಈ ಆಪರೇಷನ್ನಿನ ಖರ್ಚು ಪೂರ್ತಿ ಕೊಡ್ತಾರೆ. ಮಗು ದೊಡ್ಡದಾಗುವ ತನಕ ಮುಂದಿನ ಪ್ರತಿ ಆಪರೇಷನ್ನಿಗೂ ಕೊಡ್ತಾರೆ. ಆದರೆ ಪರಿಹಾರ ಅಂತ ಅಲ್ಲ, ಊರಿನವರೆಂಬ ಕರುಣೆಯಿಂದ ಅಂತ ಬರೀಬೇಕು. ಘಟನೆ ನಿಮ್ಮ ಮನೆಯಲ್ಲಿ, ನಿಮ್ಮ ಕೈಯಿಂದ ಆದದ್ದು ಅಂತ ನೀವು ಒಪ್ಪಬೇಕು. ಮುಂದೆ ನಿಮ್ಮ ಮನೆಯ ಯಾರ ಬಾಯಿಂದಾದರೂ ಪಾಳಣಾಘರ್‌ನಲ್ಲಿ ಆಯ್ತು ಅಂತ ಬಂದ್ರೆ ಅಲ್ಲಿಗೆ ಕೊಡೋದು ನಿಲ್ಲಿಸ್ತಾರೆ."

"ಬೇಡ" ಎಂದಳು ಸಂಜನಾ. "ನಮಗೆ ಭೀಖ್ ಬೇಡ. ನಮಗೆ ಹಕ್ ಬೇಕು. ಎಷ್ಟು ವರ್ಷ ಆದ್ರೂ ಸರಿ, ಲಢಾಯಿಸ್ತೇವೆ."

"ನಮಗೆ ವರ್ಷ ಉಂಟು. ಮಗುವಿನ ಕೈಗೆ ಇಲ್ಲ" ಎಂದರು ಸುಗುಣಕ್ಕ. "ಹೋಗೋದು ನನ್ನ ಹೆಸರು ತಾನೇ? ಬರೆಯಿರಿ ಜಯಶೀಲ. ಎಲ್ಲಿ ಸಹಿ ಹಾಕಬೇಕು ಹೇಳಿ."

"ಅತ್ತೆ..." ಎಂದಳು ಸಂಜನಾ. ಅಷ್ಟು ದಿನದಿಂದ ಅತ್ತೆಯೊಂದಿಗೆ ಮುಖ ಕೊಟ್ಟು ಮಾತಾಡದವಳು, ಮೇಜಿನ ಕೆಳಗೆ ಅವರ ಕೈ ಹಿಡಿದುಕೊಂಡಳು. ಸುಗುಣಕ್ಕ ಸಹಿ ಹಾಕಿದರು. ಅವಮಾನವಾಯಿತು, ಆದರೆ ಎದೆ ಹಗುರವೂ ಆಯಿತು. ತಾವು ಮಾಡಿದ್ದನ್ನು ತಾವೇ ತೀರಿಸಿದಂತೆ ಅನಿಸಿತು. ಇದಕ್ಕಿಂತ ಹೆಚ್ಚಿನದನ್ನು ಇನ್ನು ಯಾರೂ ತಮ್ಮಿಂದ ಕಿತ್ತುಕೊಳ್ಳಲಾರರು ಎಂದುಕೊಂಡೇ ಅವರು ಠಾಣೆಯಿಂದ ಮನೆಗೆ ಬಂದರು.

ಮೇ ತಿಂಗಳಲ್ಲಿ ಆಪರೇಷನ್ ಆಯಿತು. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಮಳೆಗಾಲವಿಡೀ ಪಟ್ಟಿ, ವ್ಯಾಯಾಮ, ಅಳು. ಬೆರಳುಗಳು ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ಬಿಡಿಸಿಕೊಂಡವು. ಅಮೂಲ್ಯಾ ಮೊದಲು ಮಣ್ಣಿನ ಉಂಡೆ ಹಿಚುಕಿದಳು, ಆಮೇಲೆ ಪೆನ್ಸಿಲ್ ಹಿಡಿದಳು. ನವರಾತ್ರಿಯ ಹೊತ್ತಿಗೆ ಡಾಕ್ಟರು, ಇನ್ನು ಬಲಗೈಯಲ್ಲೇ ಊಟ ಮಾಡಲಿ ಎಂದರು.

ಆ ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಪುಂಡರೀಕಾಕ್ಷ ಹೋಟೆಲಿಗೆ ಹೋಗದೆ ಉಳಿದಿದ್ದರು. ಸುಗುಣಕ್ಕ ಬೆಳಿಗ್ಗೆಯೇ ಸಾಂಬಾರು ಮಾಡಿ ತಣಿಯಲು ಬಿಟ್ಟಿದ್ದರು. ಆ ಮನೆಯಲ್ಲಿ ಈಗ ಯಾರೂ ಬಿಸಿ ಸಾಂಬಾರು ಉಣ್ಣುವುದಿಲ್ಲ. ಅಮೂಲ್ಯಾ ತಟ್ಟೆಯೆದುರು ಕೂತು ಬಲಗೈಯಿಂದ ಅನ್ನ ಮುಟ್ಟಿದಳು, ನಾಲ್ಕು ಅಗುಳು ಎತ್ತಿದಳು, ಬಾಯಿಗೆ ಹಾಕಿಕೊಂಡಳು. ಸಂಜನಾ ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದಳು. ಸಂದೇಶ ಚಪ್ಪಾಳೆ ತಟ್ಟಿದ. ಸುಗುಣಕ್ಕ ಕಣ್ಣೊರೆಸಿಕೊಂಡು ಸಾಂಬಾರಿನ ಪಾತ್ರೆ ಹಿಡಿದು ಬಂದರು.

"ಅಜ್ಜಿ, ಏಕ್ ಬಾತ್ ಪೂಛೂಂ?" ಎಂದಳು ಅಮೂಲ್ಯಾ. ಅಜ್ಜಿಯ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಕೇಳು ಮಗಾ."

"ವ್ಯಾನ್ ಮೇಂ ಏಕ್ ದೀದಿ ಬೋಲೀ. ಮೇರಾ ಹಾಥ್ ಆಪ್ ನೇ ಜಲಾಯಾ ಥಾ?"

ಶಾಲೆಯ ವ್ಯಾನಿನಲ್ಲಿ ಬರುವ ಮಕ್ಕಳ ಪೈಕಿ ಯಾರ ತಂಗಿಯೋ ತಮ್ಮನೋ ಸತ್ಯಭಾಮಾಳ ಹತ್ತಿರ ಹೋಗುತ್ತಿರಬೇಕು. ಅಲ್ಲಿಂದ ಬಂದ ಮಾತು, ಕೈ ಸುಟ್ಟದ್ದು ಅಜ್ಜಿಯೇ ಎಂದು. ಸಂದೇಶ ತಟ್ಟೆ ನೋಡತೊಡಗಿದ. ಪುಂಡರೀಕಾಕ್ಷ ಸುಮ್ಮನೆ ಕೆಮ್ಮಿದರು. ಸಂಜನಾಳ ಫೋನು ಕೆಳಗಿಳಿಯಿತು.

"ಅಮ್ಮೂ, ಅಜ್ಜಿ ನೇ ನಹೀಂ..." ಎಂದು ಅವಳು ಶುರು ಮಾಡಿದಳು.

ಸುಗುಣಕ್ಕ ಕೈಯೆತ್ತಿ ಅವಳನ್ನು ತಡೆದರು. ಮುಂದಿನ ಆಪರೇಷನ್ ಇನ್ನೂ ಬಾಕಿ, ಅದರ ಮುಂದಿನದೂ ಬಾಕಿ. ಈ ವಯಸ್ಸಿನ ಮಗುವಿನ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಇವತ್ತು ಇಲ್ಲಿ ನಿಜ ಹೇಳಿದರೆ ನಾಳೆ ಅದು ವ್ಯಾನಿನಲ್ಲಿ, ನಾಡಿದ್ದು ಸತ್ಯಭಾಮಾಳ ಬಾಗಿಲಲ್ಲಿ. ಸಹಿ ಹಾಕುವಾಗ ಅವರಿಗೆ ಊರು ನೆನಪಾಗಿತ್ತು, ಸಂಘ ನೆನಪಾಗಿತ್ತು. ಇದೊಂದು ನೆನಪಾಗಿರಲಿಲ್ಲ.

"ಹೌದು ಮಗಾ" ಎಂದರು. "ನನ್ನ ಕೈಯಿಂದಲೇ ಆಯ್ತು."

ಅಮೂಲ್ಯಾ ತನ್ನ ಬಲಗೈ ನೋಡಿಕೊಂಡಳು. "ಸಾರಿ ಬೋಲಾ ಥಾ?"

"ಇಲ್ಲ. ಹೇಳಿರಲಿಲ್ಲ." ಸುಗುಣಕ್ಕ ಸಾಂಬಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟರು. "ಈಗ ಹೇಳ್ತೇನೆ. ಸಾರಿ ಮಗಾ."

"ಇಟ್ಸ್ ಓಕೆ" ಎಂದಳು ಅಮೂಲ್ಯಾ, ಶಾಲೆಯಲ್ಲಿ ಕಲಿಸಿದ ಹಾಗೆ.

ಸುಗುಣಕ್ಕ ಸೌಟಿನಲ್ಲಿ ಸಾಂಬಾರು ತುಂಬಿಕೊಂಡು ತಟ್ಟೆಗೆ ಬಗ್ಗಿದರು. ಹುಡುಗಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಬಲಗೈಯನ್ನು ತಟ್ಟೆಯಿಂದ ಎತ್ತಿ ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡಳು. ಎಡಗೈಯಿಂದ ತಟ್ಟೆಯನ್ನು ತಾಯಿಯ ಕಡೆ ಸರಿಸಿದಳು.

"ಮಮ್ಮೀ, ಆಪ್ ಡಾಲೋ."

ಸುಗುಣಕ್ಕ ಸೌಟನ್ನು ಸೊಸೆಯ ಕೈಗೆ ಕೊಟ್ಟರು.